ತೀರ್ಥನ್ ಹೊಳೆಯ ದೊಡ್ಡ ಟ್ರೌಟ್ ಬಾಯಿ ಹಾಕಿತು, ಗಾಳ ಯಾಕೆ ನಾಟಲಿಲ್ಲ?

ಮೂಡಿಗೆರೆ ತೋಟ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. "ಹೋಗಲಿ ಬಿಡಿ, ಋಣ ಇರಲಿಲ್ಲ" ಅನ್ನುವ ಮಾತು ಮನೆಯಲ್ಲೂ ಪೇಟೆಯಲ್ಲೂ ಬೇಕಾದಷ್ಟು ಕೇಳಿದ್ದೇನೆ. ನನಗೆ ಬೇಕಾಗಿರುವುದು ಕಾರಣ.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ, ಬಲ್ಲಾಳರಾಯನದುರ್ಗದ ಕಡೆ. ಆ ಹೊಳೆಯಲ್ಲಿ ಬಿದಿರು ಕಡ್ಡಿ, ಎರೆಹುಳು ಹಿಡಿದು ಗಾಳ ಹಾಕಿ ಬೆಳೆದವನು ನಾನು. ಫ್ಲೈ ರಾಡ್, ಅಂದರೆ ಗರಿ, ಕೂದಲು ಕಟ್ಟಿ ಹುಳದ ಹಾಗೆ ಮಾಡಿದ ಗಾಳ (ಫ್ಲೈ) ಎಸೆಯುವ ಕೋಲು, ಕೈಗೆ ಬಂದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಂದ ಈಚೆ ಬೇರೆ ಗಾಳ ಹಿಡಿಯಲು ಮನಸ್ಸೇ ಬರುವುದಿಲ್ಲ. ಎರೆಹುಳು ನೀರೊಳಗೆ ಹೋದ ಮೇಲೆ ಅಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಡ್ರೈ ಫ್ಲೈ ನೀರಿನ ಮೇಲೇ ತೇಲುತ್ತದೆ. ಮೀನು ಬರುವುದನ್ನು ಕಣ್ಣಾರೆ ನೋಡಬಹುದು.

ಈ ಸಲ ಅಕ್ಟೋಬರ್‌ನಲ್ಲಿ, ಕೊಯ್ಲು ಶುರುವಾಗುವ ಮುಂಚೆ, ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿದ್ದೆ. ಬೇಕೆಂತಲೇ ಅಕ್ಟೋಬರ್ ಆರಿಸಿದ್ದು. ಮಳೆಗಾಲದ ಕೆಸರು ಇಳಿದು ನೀರು ತಿಳಿಯಾಗಿರುತ್ತದೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ (ತಣ್ಣೀರಿನ ಮೀನು) ಹಿಡಿಯುವಂತಿಲ್ಲ, ಅದು ಅದರ ಒಂದು ಜಾತಿಯಾದ ಬ್ರೌನ್ ಟ್ರೌಟ್ ಮೊಟ್ಟೆ ಇಡುವ ಕಾಲ. ಹೊಳೆ ಬರುವುದು ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಒಳಗಿಂದ. ನಾನು ಇಳಿದಿದ್ದು ಅದರಿಂದ ಹೊರಗೆ, ಗುಶೈನಿಗಿಂತ ಸ್ವಲ್ಪ ಕೆಳಗೆ. ಪರವಾನಗಿ ಮಾಡಿಸಿಕೊಂಡಿದ್ದೆ, ಜೊತೆಗೆ ಅದೇ ಊರಿನ ಒಬ್ಬ ಹುಡುಗ ದಾರಿ ತೋರಿಸಲು ಬಂದಿದ್ದ.

ಮಧ್ಯಾಹ್ನ ಬಿಸಿಲು ಎದುರು ಬೆಟ್ಟಕ್ಕೆ ಏರಿತ್ತು. ನೀರಿಗೆ ಥರ್ಮಾಮೀಟರ್ ಇಟ್ಟರೆ 11 ಡಿಗ್ರಿ. ಒಂದು ದೊಡ್ಡ ಬಂಡೆ, ಅದರ ಈಚೆ ಜೋರಾದ ಸೆಳವು, ಆಚೆ ಸುಮಾರು ಎದೆಮಟ್ಟದ ಮಡು. ಸೆಳವು ಮತ್ತು ಮಡು ಸೇರುವ ಕಡೆ ನೊರೆಯ ಒಂದು ಸಾಲು ಹರಿಯುತ್ತಿತ್ತು. ಆ ನೊರೆಯ ಕೆಳಗೆ ಮೀನು. ಅಲ್ಲೇ ನಿಂತು, ಬಂದದ್ದನ್ನೆಲ್ಲಾ ಮೇಲೆ ಬಂದು ತಿನ್ನುತ್ತಿತ್ತು. ಮೊದಲು ಮೂತಿ, ಆಮೇಲೆ ಬೆನ್ನು, ಕೊನೆಗೆ ಬಾಲ. ಮೂತಿ ಕಂಡದ್ದಕ್ಕೂ ಬಾಲ ಕಂಡದ್ದಕ್ಕೂ ನಡುವೆ ಇದ್ದ ಅಂತರದಲ್ಲೇ ಎಷ್ಟು ದೊಡ್ಡದು ಅಂತ ಗೊತ್ತಾಗಿತ್ತು. ಹುಡುಗ ನನ್ನ ತೋಳು ಹಿಡಿದುಬಿಟ್ಟ.

ಕೆಳಗಿನಿಂದ ಅದನ್ನು ಸಮೀಪಿಸಲು ಆಗುವಂತಿರಲಿಲ್ಲ, ದಂಡೆ ನೆಟ್ಟಗೆ ಗೋಡೆ. ಹಾಗಾಗಿ ಮೇಲ್ಗಡೆ ಬಂಡೆಯ ಹಿಂದೆ ಮಂಡಿಯೂರಿ ಕೂತೆ. ಮೀನು ಹರಿವಿನ ದಿಕ್ಕಿನಲ್ಲಿ ನನಗೆ ನೇರ ಕೆಳಗೆ ಇತ್ತು. 9 ಅಡಿ ರಾಡ್, ದಾರದ ತುದಿಗೆ 9 ಅಡಿಯ ತೆಳು ಎಳೆ (ಲೀಡರ್), ಅದರ ತುದಿಗೆ 5ಎಕ್ಸ್ ದಪ್ಪದ ಇನ್ನೂ ಸಣ್ಣ ಎಳೆ (ಟಿಪ್ಪೆಟ್), 14 ನಂಬರಿನ ಕೊಕ್ಕೆಗೆ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್ ಅನ್ನುವ ಫ್ಲೈ. ದಾರ ಬಿಡುತ್ತಾ ಬಿಡುತ್ತಾ ಫ್ಲೈಯನ್ನು ನೊರೆಯ ಸಾಲಿನಲ್ಲೇ ತೇಲಿಸಿದೆ. ಎಲ್ಲೂ ಎಳೆಯಲಿಲ್ಲ, ನೀರಿನ ವೇಗಕ್ಕೇ ಹೋಯಿತು. ಮೀನು ಎದ್ದಿತು. ಬೆಣ್ಣೆ ಬಣ್ಣದ ಪಕ್ಕೆ, ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ತೆಳು ಬಿಳಿ ಉಂಗುರ, ಎಲ್ಲಾ ಕಂಡಿತು. ಬಾಯಿ ತೆರೆಯಿತು. ಫ್ಲೈ ಕಾಣದಾಯಿತು. ರಾಡ್ ಎತ್ತಿದೆ. ಒಂದು ಕ್ಷಣ ಭಾರ ಬಂತು, ಅಷ್ಟೇ, ದಾರ ಹಗುರಾಯಿತು. ಫ್ಲೈ ಹಾಗೇ ವಾಪಸ್ ಬಂತು. ಕತ್ತಲಾಗುವವರೆಗೂ ಮೀನು ಮತ್ತೆ ಏಳಲಿಲ್ಲ.

ಗಂಟು ಬಿಚ್ಚಿಲ್ಲ, ದಾರ ತುಂಡಾಗಿಲ್ಲ. ಹಾಗಾದರೆ ಆದದ್ದಾದರೂ ಏನು? ಮುಂದಿನ ಅಕ್ಟೋಬರ್‌ಗೆ ಮತ್ತೆ ಹೋಗುತ್ತೇನೆ. ಟ್ರೌಟ್ ಇಲ್ಲದ ನಮ್ಮ ಊರಲ್ಲಿ ಅಷ್ಟರೊಳಗೆ ಏನು ಅಭ್ಯಾಸ ಮಾಡಬಹುದು, ತಿಳಿದವರು ಹೇಳಿ.

ಸಕಲೇಶಪುರ ಹೊಳೆಸಾಲು

ಅಣ್ಣ, ಓದುತ್ತಾ ನನಗೂ ಎದೆ ಹೊಡೆದುಕೊಂಡಿತು. ನಾನು ಟ್ರೌಟ್ ಹಿಡಿದದ್ದು ನೀಲಗಿರಿಯ ಅವಲಾಂಚೆಯಲ್ಲಿ. ಅಲ್ಲಿ ರೇನ್‌ಬೋ ಟ್ರೌಟ್, ನೀವು ಕಂಡಷ್ಟು ದೊಡ್ಡದಲ್ಲ. ಆದರೂ ಈ ಪಾಠ ಅಲ್ಲೇ ಕಲಿತೆ.

ನೀವು ಬರೆದದ್ದರಲ್ಲಿ "ನೇರ ಕೆಳಗೆ ಇತ್ತು" ಅನ್ನುವ ಮಾತಿನ ಹತ್ತಿರ ನಿಂತುಬಿಟ್ಟೆ. ಟ್ರೌಟ್ ಸೆಳವಿಗೆ ಮುಖ ಮಾಡಿ ನಿಲ್ಲುತ್ತದೆ. ಅಂದರೆ ಅದರ ಬಾಯಿ ನಿಮ್ಮ ಕಡೆಗೇ ತೆರೆದಿತ್ತು. ನೀವು ಎಳೆದ ದಿಕ್ಕೂ ಅದೇ. ತೆರೆದ ಬಾಯಿಯಿಂದ ಫ್ಲೈ ನೇರ ಆಚೆ ಬರುತ್ತದೆ, ಮೊನೆ ಚುಚ್ಚಲು ಅಲ್ಲಿ ಏನೂ ಇರುವುದಿಲ್ಲ. ನಿಮಗೆ ಬಂದ ಆ ಒಂದು ಕ್ಷಣದ ಭಾರ ತುಟಿಗೋ ಹಲ್ಲಿಗೋ ತಾಗಿ ಜಾರಿದ್ದು ಅನಿಸುತ್ತದೆ. ನೀವು ಕೆಳಗೆ ನಿಂತು ಮೇಲಕ್ಕೆ ಎಸೆದಿದ್ದರೆ ಎಳೆತ ಹಿಂದಿನಿಂದ ಬರುತ್ತಿತ್ತು, ಗಾಳ ಕಟವಾಯಿಗೆ ಹೋಗಿ ಕೂರುತ್ತಿತ್ತು. ಹಿಡಿದ ಟ್ರೌಟ್‌ಗಳನ್ನು ನೆನಪು ಮಾಡಿಕೊಳ್ಳಿ, ಗಟ್ಟಿಯಾಗಿ ನಾಟಿದ್ದೆಲ್ಲಾ ಕಟವಾಯಿಯಲ್ಲೇ, ಅಲ್ವಾ?

ಹಾಗಂತ ಮೇಲಿನಿಂದ ತೇಲಿಸಿದ್ದು ಸರಿಯಲ್ಲ ಅಂತಲ್ಲ. ಎಷ್ಟೋ ಕಡೆ ಅದೇ ಒಳ್ಳೆಯದು. ಮೀನಿಗೆ ಮೊದಲು ಫ್ಲೈ ಕಾಣುತ್ತದೆ, ದಾರ ಆಮೇಲೆ. ಜಾಣ ಮೀನು ಅದಕ್ಕೇ ನಂಬಿ ಬಂದದ್ದು. ಆದರೆ ಅಲ್ಲಿ ಎತ್ತುವ ರೀತಿ ಬೇರೆ. ಮೀನು ಬಾಯಿ ಮುಚ್ಚಬೇಕು, ತಲೆ ಕೆಳಗೆ ಹಾಕಬೇಕು, ಬೆನ್ನು ನೀರೊಳಗೆ ಇಳಿಯಬೇಕು. ಅಲ್ಲಿಯವರೆಗೆ ಕೈ ಅಲ್ಲಾಡಬಾರದು. ಆಮೇಲೂ ರಾಡ್ ಮೇಲಕ್ಕೆ ಬೇಡ. ನೀರಿಗೆ ಸಮವಾಗಿ, ದಂಡೆ ಕಡೆಗೆ, ಪಕ್ಕಕ್ಕೆ ಎಳೆಯಿರಿ. ಎಳೆತ ಬಾಯಿಯ ಒಂದು ಮೂಲೆಗೆ ಹೋಗುತ್ತದೆ.

ನಮ್ಮ ಕಡೆಯವರಿಗೆ ಇದು ಕಷ್ಟ ಅಂತ ಗೊತ್ತು. ಬೆಂಡು ಮುಳುಗಿದ ಕೂಡಲೇ ಕಡ್ಡಿ ಎತ್ತುವ ಕೈ ನಮ್ಮದು.

ಹಾಸನ ಭೌತಶಾಸ್ತ್ರ

ನಾನು ಪಾಠ ಮಾಡುವವನು, ಗೊರೂರು ಹಿನ್ನೀರಿನಲ್ಲಿ ಆಗಾಗ ಗಾಳ ಹಾಕುತ್ತೇನೆ. ಮೀನಿನ ಕಣ್ಣಿನಿಂದ ಒಮ್ಮೆ ನೋಡೋಣ.

ನೀರಿನ ವಕ್ರೀಭವನ ಸೂಚ್ಯಂಕ 1.33. ಹಾಗಾಗಿ ನೀರೊಳಗಿಂದ ಮೇಲೆ ನೋಡಿದರೆ ಹೊರಗಿನ ಪ್ರಪಂಚವೆಲ್ಲಾ ಒಂದು ದುಂಡನೆಯ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಕಣ್ಣಿಂದ ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಆಚೆಗೆ ಬರೀ ತಳದ ಪ್ರತಿಬಿಂಬ. ಮೀನು 60 ಸೆಂಟಿಮೀಟರ್ ಆಳದಲ್ಲಿದ್ದರೆ ಕಿಟಕಿಯ ಅಗಲ ಸುಮಾರು 1.36 ಮೀಟರ್. ಮೇಲೆ ಬಂದಷ್ಟೂ ಕಿಟಕಿ ಚಿಕ್ಕದಾಗುತ್ತಾ ಹೋಗುತ್ತದೆ. 10 ಸೆಂಟಿಮೀಟರ್ ಆಳಕ್ಕೆ ಬಂದಾಗ ಅಗಲ ಬರೀ 23 ಸೆಂಟಿಮೀಟರ್, ಅಂದರೆ ಒಂದು ಗೇಣಿನಷ್ಟು.

ಇದರಿಂದ ಎರಡು ಮಾತು. ಮೀನು ಫ್ಲೈಯನ್ನು ಆ ಗೇಣಗಲದ ಕಿಟಕಿಯೊಳಗೇ ಇಟ್ಟುಕೊಳ್ಳಬೇಕು, ಅದಕ್ಕೇ ಅದು ಫ್ಲೈ ಜೊತೆಗೇ ಹಿಂದಕ್ಕೆ ತೇಲುತ್ತಾ ಏಳುತ್ತದೆ. ನೀವು ಏಳುವುದನ್ನು ಕಂಡ ಜಾಗಕ್ಕಿಂತ ಅದರ ನಿಜವಾದ ನೆಲೆ ಹೊಳೆಯ ಸ್ವಲ್ಪ ಮೇಲ್ಗಡೆ, ಸೆಳವು ಬರುವ ದಿಕ್ಕಿಗೆ ಇರುತ್ತದೆ. ಎರಡನೆಯದು, ನೀವು ಅದರ ಮುಖದ ಎದುರಿಗೆ ಇದ್ದಿರಿ. 10 ಮೀಟರ್ ದೂರದಲ್ಲಿ ನಿಂತ ಆರಡಿ ಆಳು ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ಅದಕ್ಕಿಂತ ತಗ್ಗಿದ್ದರೆ ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ ಸೇರಿಹೋಗುತ್ತಾನೆ, ಬಿಡಿಯಾಗಿ ಕಾಣುವುದಿಲ್ಲ. ಮಂಡಿಯೂರಿದ್ದೀರಿ ಅಂದಿರಿ, ಒಳ್ಳೆಯದು. ಆದರೆ ರಾಡ್ ಎತ್ತಿ ಹಿಡಿದಿದ್ದರೆ ಅದು ಕಂಡಿರಬಹುದು. ಅನುಮಾನ ಬಂದ ಮೀನು ತುಟಿಯಂಚಿನಲ್ಲಿ ಮುಟ್ಟಿ ಬಿಡುವುದು ಉಂಟು.

ಬಾಳೆಹೊನ್ನೂರು ಗರಿಗಂಟು

ಅಣ್ಣಾವ್ರೇ, ನಿಂತ ಜಾಗ, ಕೋನ ಎಲ್ಲಾ ಆಮೇಲೆ. ಮೊದಲು ಫ್ಲೈ ನೋಡಿ. ನಾನು ಮನೆಯಲ್ಲೇ ಫ್ಲೈ ಕಟ್ಟುತ್ತೇನೆ, ನಮ್ಮ ನಾಟಿ ಹುಂಜದ ಕತ್ತಿನ ಗರಿಯಲ್ಲಿ. ಮೀನು ಮುಟ್ಟಿ ತಪ್ಪಿತು ಅಂದರೆ ನಾನು ಮೊದಲು ಕೊಕ್ಕೆಯ ಮೊನೆ ನೋಡುತ್ತೇನೆ.

ತೀರ್ಥನ್ ದಂಡೆ ಪೂರ್ತಿ ಗುಂಡುಕಲ್ಲು ಅಂತ ಕೇಳಿದ್ದೇನೆ. ಹಿಂದಕ್ಕೆ ಬೀಸುವಾಗ ದಾರ ತಗ್ಗಿದರೆ ಫ್ಲೈ ಕಲ್ಲಿಗೆ ಬಡಿಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. 14 ನಂಬರಿನ ಸಣ್ಣ ಕೊಕ್ಕೆಯ ಮೊನೆ ಒಂದೇ ಏಟಿಗೆ ಮಡಚಿಕೊಳ್ಳುತ್ತದೆ, ಇಲ್ಲವೇ ಮುರಿಯುತ್ತದೆ. ಆ ಫ್ಲೈ ಇನ್ನೂ ಇದೆಯಾ? ಇದ್ದರೆ ಹೆಬ್ಬೆರಳಿನ ಉಗುರಿನ ಮೇಲೆ ಮೊನೆ ಇಟ್ಟು ಮೆಲ್ಲಗೆ ಎಳೆಯಿರಿ. ಉಗುರಿಗೆ ಹಿಡಿದುಕೊಂಡು ನಿಂತರೆ ಮೊನೆ ಚೆನ್ನಾಗಿದೆ. ಜಾರಿದರೆ ಉತ್ತರ ಸಿಕ್ಕಿತು.

ಇನ್ನೊಂದು. ಕೊಕ್ಕೆಯ ಮೊನೆಗೂ ಕಾಂಡಕ್ಕೂ ನಡುವಿನ ಜಾಗ ಖಾಲಿ ಇರಬೇಕು. ಕೆಲವು ಅಂಗಡಿ ಫ್ಲೈಗಳಲ್ಲಿ ಮೈಯ ಭಾಗ ದಪ್ಪ ಕಟ್ಟಿ, ಗರಿ ಜಾಸ್ತಿ ಸುತ್ತಿ ಆ ಜಾಗವನ್ನೇ ಮುಚ್ಚಿಬಿಟ್ಟಿರುತ್ತಾರೆ. ತೇಲುವುದೇನೋ ಚೆನ್ನಾಗಿ ತೇಲುತ್ತದೆ, ಚುಚ್ಚುವುದಿಲ್ಲ.

ಕಳಸ ಕಡೆಯವನು

ಅಣ್ಣ, ನನಗೆ ಫ್ಲೈ ಗೊತ್ತಿಲ್ಲ, ಓದಿ ಆಸೆ ಆಯಿತು. ನಮ್ಮ ಕಡೆ ಕುದುರೆಮುಖದ ಹಳ್ಳಗಳ ನೀರು ಡಿಸೆಂಬರ್‌ನಲ್ಲಿ ಕೈ ಇಡಲಾಗದಷ್ಟು ತಣ್ಣಗಿರುತ್ತದೆ. ಅಲ್ಲಿ ಟ್ರೌಟ್ ಮರಿ ತಂದು ಬಿಟ್ಟರೆ ಆಗುವುದಿಲ್ಲವಾ? ಅಷ್ಟು ದೂರ ಯಾಕೆ ಹೋಗಬೇಕು?

ಕಡೂರು ಮೀನುಶಾಸ್ತ್ರ

ಕಳಸದ ತಮ್ಮಾ, ಆಸೆ ಅರ್ಥವಾಗುತ್ತದೆ, ಆದರೆ ಬೇಡ. ನಾನು ಮೀನುಗಾರಿಕೆ ಓದುತ್ತಿರುವವಳು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. ಬ್ರೌನ್ ಟ್ರೌಟ್ ಯುರೋಪಿನ ಕಡೆಯದು, ರೇನ್‌ಬೋ ಉತ್ತರ ಅಮೆರಿಕದ ಪೆಸಿಫಿಕ್ ಕಡೆಯದು. ಬ್ರಿಟಿಷರ ಕಾಲದಲ್ಲಿ ಕಾಶ್ಮೀರ, ಹಿಮಾಚಲ, ನೀಲಗಿರಿ, ಮುನ್ನಾರ್ ಹೀಗೆ ಚಳಿ ಇರುವ ಕಡೆ ತಂದು ಬಿಟ್ಟರು. ಅದಕ್ಕೆ ಹಿತವಾದ ನೀರು ಸುಮಾರು 10ರಿಂದ 16 ಡಿಗ್ರಿ. 20 ದಾಟಿದರೆ ಒದ್ದಾಡುತ್ತದೆ. ಡಿಸೆಂಬರ್ ಬೆಳಗಿನ ಹಳ್ಳ ನೋಡಿ ಲೆಕ್ಕ ಹಾಕಬಾರದು, ಏಪ್ರಿಲ್ ಮಧ್ಯಾಹ್ನದ ಹಳ್ಳ ನೋಡಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 10 ಡಿಗ್ರಿ ನೀರು ಲೀಟರಿಗೆ 11 ಮಿಲಿಗ್ರಾಂಗೂ ಸ್ವಲ್ಪ ಜಾಸ್ತಿ ಹಿಡಿದುಕೊಳ್ಳುತ್ತದೆ, 25 ಡಿಗ್ರಿ ನೀರು ಸುಮಾರು 8 ಮಾತ್ರ. ಬೇಸಿಗೆಯಲ್ಲಿ ಹರಿವೂ ಸೊರಗುತ್ತದೆ.

ಒಂದು ವೇಳೆ ಬದುಕಿತು ಅಂತಲೇ ಇಟ್ಟುಕೊಳ್ಳಿ. ಅದು ಬೇರೆ ಮೀನಿನ ಮರಿಗಳನ್ನು ತಿಂದು ಬೆಳೆಯುವ ಮೀನು. ನಮ್ಮ ಹಳ್ಳದ ಸಣ್ಣ ಮೀನುಗಳಿಗೆ ಅದರ ಅಭ್ಯಾಸವೇ ಇಲ್ಲ. ಮೇಲಾಗಿ ಅದು ರಾಷ್ಟ್ರೀಯ ಉದ್ಯಾನ, ಅಲ್ಲಿ ಮೀನು ಬಿಡುವಂತೆಯೂ ಇಲ್ಲ, ಹಿಡಿಯುವಂತೆಯೂ ಇಲ್ಲ. ಇರುವುದನ್ನೇ ಉಳಿಸಿಕೊಳ್ಳಲು ನಾವು ಕಷ್ಟಪಡುತ್ತಿದ್ದೇವೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಸೇರಿತು. ಮೊದಲ ಮಳೆಗೆ ಮೊಟ್ಟೆ ಇಡಲು ಗದ್ದೆ, ತೋಡು ಹತ್ತಿ ಬರುವ ಮೀನನ್ನು ರಾಶಿ ಹಿಡಿಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಹಿಮಾಚಲದಲ್ಲಿ ಚಳಿಗಾಲದಲ್ಲಿ ಟ್ರೌಟ್ ಹಿಡಿಯದೆ ಬಿಡುತ್ತಾರಲ್ಲ, ಅದೇ ಬುದ್ಧಿ ಇಲ್ಲಿ ಜೂನ್‌ನಲ್ಲಿ ಬೇಕು. ಇದು ನನಗೆ ತುಂಬಾ ನೋವಿನ ವಿಷಯ, ಅದಕ್ಕೇ ಉದ್ದ ಬರೆದೆ.

ಮೂಡಿಗೆರೆ ಸರ್ ಅಭ್ಯಾಸದ ಬಗ್ಗೆ ಕೇಳಿದ್ದಾರೆ. ಸರ್, ರಾಡ್ ಮನೆಯಲ್ಲೇ ಇಟ್ಟು ಶೃಂಗೇರಿಗೆ ಹೋಗಿ ಬನ್ನಿ. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನು ತಿನ್ನುವುದನ್ನು ನೋಡಿ. ಮಂಡಕ್ಕಿ ಬಿದ್ದ ಕಡೆ ಮುಗಿಬೀಳುವ ಗುಂಪು ಬಿಡಿ, ಅಂಚಿನಲ್ಲಿ ಒಂಟಿಯಾಗಿ ತಿರುಗುವ ದೊಡ್ಡ ಮೀನು ನೋಡಿ. ಹಾಸನದವರಿಗೆ ರಾಮನಾಥಪುರದಲ್ಲಿ ಕಾವೇರಿಯ ಮೀನು ಇವೆ. ಎರಡೂ ಕಡೆ ಅವು ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಹಾಗಾಗಿ ಅಷ್ಟು ಹತ್ತಿರದಿಂದ, ಹೆದರದ ದೊಡ್ಡ ಮೀನಿನ ಬಾಯಿ ನೋಡಲು ಇವು ಒಳ್ಳೆಯ ಜಾಗ.

ಮೂಡಿಗೆರೆ ತೋಟ

ಎಲ್ಲರಿಗೂ ಧನ್ಯವಾದ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಬಾಳೆಹೊನ್ನೂರು ಅಕ್ಕ, ಫ್ಲೈ ಡಬ್ಬಿಯಲ್ಲೇ ಇತ್ತು. ಕಾಫಿಯ ಕಾಯಿಕೊರಕ ಹುಳ ನೋಡಲು ಇಟ್ಟುಕೊಂಡ ಭೂತಗನ್ನಡಿಯಲ್ಲಿ ನೋಡಿದೆ. ಮೊನೆ ನೆಟ್ಟಗಿದೆ, ಉಗುರಿಗೆ ಇಟ್ಟ ಕೂಡಲೇ ಹಿಡಿದುಕೊಂಡಿತು. ಮೈ ಕೂಡ ದಪ್ಪ ಇಲ್ಲ. ಹಾಗಾಗಿ ಆ ಅನುಮಾನ ಬಿಟ್ಟೆ. ಪಾಠದ ಸರ್ ಹೇಳಿದ ರಾಡ್ ವಿಷಯ, ನಾನು ಅದನ್ನು ಬಂಡೆಗಿಂತ ಕೆಳಗೇ ಅಡ್ಡ ಹಿಡಿದಿದ್ದೆ. ಮೀನು ಅನುಮಾನದಿಂದ ಬಂದದ್ದು ಅಲ್ಲವೇ ಅಲ್ಲ, ಬಾಯಿ ಪೂರ್ತಿ ತೆರೆದೇ ಬಂತು. ಅದರ ಒಳಗಿನ ಬಿಳಿ ಕಂಡಿತು.

ಸಕಲೇಶಪುರದ ತಮ್ಮ ಹೇಳಿದ್ದು ಮನಸ್ಸಿಗೆ ಹತ್ತಿತು. ಆದರೆ ಒಂದು ಅನುಮಾನ. ಅದೇ ದಿನ ಬೆಳಿಗ್ಗೆ ಸೆಳವಿನಲ್ಲಿ ಗೇಣುದ್ದದ ರೇನ್‌ಬೋಗಳು ಸಿಕ್ಕಿದ್ದವು. ಎಲ್ಲವೂ ತಕ್ಷಣ ಎತ್ತಿದ್ದಕ್ಕೇ ಸಿಕ್ಕಿದ್ದು, ಅರೆಕ್ಷಣ ತಡವಾದರೂ ಉಗುಳಿ ಹೋಗುತ್ತಿದ್ದವು. ಹಾಗಿರುವಾಗ ಕಾಯಬೇಕು ಅಂದರೆ ಹೇಗೆ?

ಶೃಂಗೇರಿಗೂ ಹೋಗಿ ಬಂದೆ. ಮನೆಯವರಿಗೆ ಶಾರದಾಂಬೆಯ ದರ್ಶನ, ನನಗೆ ಮೀನಿನ ದರ್ಶನ, ಇಬ್ಬರಿಗೂ ಸಮಾಧಾನ ಆಯಿತು. ಕಡೂರಿನ ತಂಗಿ ಹೇಳಿದ್ದು ನಿಜ. ಸಣ್ಣವು ಮಂಡಕ್ಕಿ ಕಸಿದು ಆಗಲೇ ತಿರುಗಿರುತ್ತವೆ. ದೊಡ್ಡದೊಂದು ಮೆಲ್ಲಗೆ ಮೇಲೆ ಬಂತು, ಬಾಯಿ ತೆರೆಯಿತು. ಮಂಡಕ್ಕಿಯ ಸುತ್ತಲಿನ ನೀರೂ ಸೇರಿ ಒಳಗೆ ಹೋಯಿತು. ಬಾಯಿ ಮುಚ್ಚಿದಾಗ ಕಿವಿರಿನಿಂದ ನೀರು ಆಚೆ ಹೋದದ್ದು ಕಂಡಿತು. ಆಮೇಲೆ ತಲೆ ಬಾಗಿತು. ನಾನು ತೀರ್ಥನ್‌ನಲ್ಲಿ ಎತ್ತಿದ್ದು ಬಾಯಿ ತೆರೆದ ಹೊತ್ತಿಗೆ. ಮುಚ್ಚುವ ಹೊತ್ತು ಇನ್ನೂ ಬಂದೇ ಇರಲಿಲ್ಲ.

ಸಕಲೇಶಪುರ ಹೊಳೆಸಾಲು

ಅಣ್ಣ, ನಿಮ್ಮ ಅನುಮಾನಕ್ಕೆ ಉತ್ತರ ನೀವೇ ಶೃಂಗೇರಿಯಲ್ಲಿ ನೋಡಿ ಬಂದಿದ್ದೀರಿ. ಜೋರು ಸೆಳವಿನಲ್ಲಿ ಸಣ್ಣ ಮೀನಿಗೆ ಹೊತ್ತಿಲ್ಲ. ತಿಂಡಿ ಓಡಿಹೋಗುತ್ತದೆ, ಅದೂ ಓಡಿ ಕಸಿಯಬೇಕು. ಅಲ್ಲಿ ಬೆಂಡಿನ ಕೈಯೇ ಸರಿ. ಮಡುವಿನ ದೊಡ್ಡ ಮೀನು ಶಕ್ತಿ ಉಳಿಸಿಕೊಂಡು ತಿನ್ನುತ್ತದೆ, ಅದಕ್ಕೆ ಅವಸರ ಇಲ್ಲ. ನೀರು ನೋಡಿ, ಮೀನಿನ ಗಾತ್ರ ನೋಡಿ ಕೈ ಬದಲಾಯಿಸಬೇಕು.

ನೀರೂ ಸೇರಿ ಒಳಗೆ ಹೋಯಿತು ಅಂದಿರಲ್ಲ, ಅದು ಮುಖ್ಯ. ಮೀನು ಕಚ್ಚುವುದಿಲ್ಲ, ಹೀರುತ್ತದೆ. ದಾರ ಬಿಗಿಯಾಗಿದ್ದರೆ ಫ್ಲೈ ಆ ನೀರಿನ ಜೊತೆ ಒಳಗೆ ಹೋಗಲಾರದು. ಮೇಲಿನಿಂದ ತೇಲಿಸುವಾಗ ದಾರ ಬಿಟ್ಟಷ್ಟೂ ಸೆಳವು ಅದನ್ನು ನೆಟ್ಟಗೆ ಮಾಡುತ್ತಿರುತ್ತದೆ. ಆದ್ದರಿಂದ ಮೀನು ಇರುವ ಜಾಗಕ್ಕೆ ಫ್ಲೈ ತಲುಪುವ ಹೊತ್ತಿಗೆ ಇನ್ನೂ ಎರಡು ಮೊಳ ದಾರ ಸಡಿಲ ಇರುವ ಹಾಗೆ ನೋಡಿಕೊಳ್ಳಿ. ಎಸೆಯುವಾಗಲೇ ರಾಡ್ ತುದಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೆ ದಾರ ನೀರಿನ ಮೇಲೆ ಹಾವಿನಂತೆ ಡೊಂಕಾಗಿ ಬೀಳುತ್ತದೆ. ಆ ಡೊಂಕು ಬಿಚ್ಚುವವರೆಗೂ ಫ್ಲೈ ಸ್ವತಂತ್ರ.

ಅಭ್ಯಾಸಕ್ಕೆ ನಿಮ್ಮ ತೋಟದ ಕೆರೆ ಸಾಕು. ಸಿಮೆಂಟ್ ಕಣದಲ್ಲಿ ಮಾತ್ರ ಬೇಡ, ದಾರದ ಮೇಲ್ಪದರ ಉಜ್ಜಿ ಹಾಳಾಗುತ್ತದೆ. ಕೆರೆಯಲ್ಲಿ ಜಿಲೇಬಿ ಮೀನು (ತಿಲಾಪಿಯಾ) ಇದ್ದರೆ ಇನ್ನೂ ಒಳ್ಳೆಯದು. ಸಂಜೆ ಹೊತ್ತು ಮೇಲೆ ಬಂದು ಹುಳ ತಿನ್ನುತ್ತವೆ. ಅವು ಸಿಗಬೇಕು ಅಂತ ಎತ್ತಬೇಡಿ, ಬಾಯಿ ಮುಚ್ಚಿದ್ದು ಕಂಡ ಮೇಲೆ ಪಕ್ಕಕ್ಕೆ ಎಳೆಯಿರಿ. ಎಷ್ಟೋ ಉಗುಳಿ ಹೋಗುತ್ತವೆ, ಹೋಗಲಿ. ಕೈ ಕಾಯುವುದನ್ನು ಕಲಿತರೆ ಸಾಕು.

ಬಾಳೆಹೊನ್ನೂರು ಗರಿಗಂಟು

ಮೊನೆ ಚೆನ್ನಾಗಿದೆ ಅಂತ ಕೇಳಿ ಖುಷಿ ಆಯಿತು ಅಣ್ಣಾವ್ರೇ. ಜಿಲೇಬಿಗೆ ಹೋಗುವ ಮುಂಚೆ ಗಾಳದ ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಬಿಡಿಸುವುದು ಸುಲಭ, ಮೀನಿಗೂ ಗಾಯ ಕಡಿಮೆ. ಮುಳ್ಳಿಲ್ಲದ ಗಾಳ ಇನ್ನೂ ಸಲೀಸಾಗಿ ಒಳಗಿಳಿಯುತ್ತದೆ, ಆದರೆ ನಾಟಿದ ಮೇಲೆ ದಾರ ಒಂದು ಕ್ಷಣವೂ ಸಡಿಲ ಬಿಡಬಾರದು.

ಟಿಪ್ಪೆಟ್ ಮಾತ್ರ 5ಎಕ್ಸ್ ಬದಲು 4ಎಕ್ಸ್ ಹಾಕಿ. 5ಎಕ್ಸ್ 0.15 ಮಿಲಿಮೀಟರ್, 4ಎಕ್ಸ್ 0.18. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಆ ಮೀನು ಹೆದರುವುದಿಲ್ಲ, ಆದರೆ ಬಂಡೆ ಕಡೆ ನುಗ್ಗಿದಾಗ ನಿಮ್ಮ ಕೈಗೆ ಬಲ ಬೇಕಾಗುತ್ತದೆ. ಗಂಟು ಬಿಗಿಯುವ ಮುಂಚೆ ಎಂಜಲಲ್ಲಿ ಒದ್ದೆ ಮಾಡುವುದು ಮರೆಯಬೇಡಿ, ಒಣ ನೈಲಾನ್ ಉಜ್ಜಿದ ಬಿಸಿಗೇ ಸೋಲುತ್ತದೆ. ನಿಮ್ಮ ತೋಟದಲ್ಲಿ ಕೆಂಪು ಹುಂಜ ಇದ್ದರೆ ಕತ್ತಿನ ಗರಿ ಒಂದಿಷ್ಟು ಕಳಿಸಿಕೊಡಿ. 12 ನಂಬರಿನ ಕೊಕ್ಕೆಗೆ ಕ್ಯಾಡಿಸ್ ಕಟ್ಟಿ ಸೆಪ್ಟೆಂಬರ್ ಒಳಗೆ ವಾಪಸ್ ಕಳಿಸುತ್ತೇನೆ.